ಬೇಲಿಯೇ ಎದ್ದು ಹೊಲ ಮೇಯ್ದ ಕಥೆ: ಮೆಂಡಿಕಂಟ್ ಬಯಾಸ್ ಯಾಕೆ ಸೋತಿತು?

ಪ್ರಶ್ನೆ: ಹ್ಯಾಲೋ 3 ವಿಡಿಯೋ ಆಟವನ್ನು ಈ ಸಲ ಟರ್ಮಿನಲ್‌ಗಳ (ಆಟದೊಳಗೆ ಹಳೆಯ ಕಥೆ ಹೇಳುವ ಪರದೆಗಳ) ಸಮೇತ ಓದಿಕೊಂಡು ಮುಗಿಸಿದೆ. ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಆ ಹಳೆಯ ಕಥೆಯಲ್ಲಿ ಬರುವ ಎಐ ಮೆಂಡಿಕಂಟ್ ಬಯಾಸ್ ಬಳಿ 48 ಲಕ್ಷ ಹಡಗುಗಳಿದ್ದವು. ಎದುರಾಳಿಯ ಒಂದೊಂದು ಹಡಗಿಗೆ ಇದರ ಕಡೆ 436 ಹಡಗು. ಜೊತೆಗೆ ಅದು ಸಾಮಾನ್ಯ ಎಐ ಅಲ್ಲ. ಆದರೂ ಸೋತಿತು. ಅದಕ್ಕೆ ಸರಿಯಾದ ಯುದ್ಧತಂತ್ರ ಅಂತ ಒಂದಿತ್ತಾ? ಅಥವಾ ಕಥೆ ಮುಗಿಯಬೇಕು ಅಂತ ಬರೆದವರು ಸುಮ್ನೆ ಸೋಲಿಸಿದ್ರಾ? (ದಾವಣಗೆರೆಯ ಒಬ್ಬ ಓದುಗರು)

ಉತ್ತರ: ಇಲ್ಲ, ಸುಮ್ನೆ ಸೋಲಿಸಿಲ್ಲ. ಕೂತು ಲೆಕ್ಕ ಹಾಕಿದರೆ ಆ ಸೋಲು ಅಂಕಿಗಳಲ್ಲೇ ಕಾಣುತ್ತದೆ. ಆದರೆ ನಿಮ್ಮ ಗೊಂದಲ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹ್ಯಾಲೋ 3 ಬಂದದ್ದು 2007ರ ಸೆಪ್ಟೆಂಬರ್‌ನಲ್ಲಿ. ಕೆಲವು ತಿಂಗಳ ನಂತರ ಗೆಳೆಯನ ಎಕ್ಸ್‌ಬಾಕ್ಸ್ 360ಯಲ್ಲಿ ಇಬ್ಬರೂ ಕೂತು ಆಟ ಮುಗಿಸಿದೆವು. ಏಳು ಟರ್ಮಿನಲ್‌ಗಳಲ್ಲಿ ಒಂದನ್ನೂ ಓದಿರಲಿಲ್ಲ. ಮೂಲೆಯಲ್ಲಿ ಮಿನುಗುವ ಆ ಪರದೆಗಳು ಬರೀ ಅಲಂಕಾರ ಅಂದುಕೊಂಡು ಮುಂದೆ ಓಡಿದ್ದೆವು. ಎರಡನೇ ಸಲ ನಿಂತು ಓದಿದಾಗ ಗೊತ್ತಾಯಿತು, ನಾವು ಆಡಿದ ಯುದ್ಧದ ಅಡಿಯಲ್ಲಿ ಒಂದು ಲಕ್ಷ ವರ್ಷ ಹಳೆಯ ಇನ್ನೊಂದು ಯುದ್ಧ ಹೂತುಹೋಗಿದೆ ಅಂತ. ಅಂದಿನಿಂದ ನನಗೆ ಆಟದ ನಾಯಕ ಮಾಸ್ಟರ್ ಚೀಫ್‌ಗಿಂತ ಮೆಂಡಿಕಂಟ್ ಮೇಲೆಯೇ ಕುತೂಹಲ ಜಾಸ್ತಿ.

ನನಗೆ ತೋಚಿದ್ದು ಇಷ್ಟು. ಮೆಂಡಿಕಂಟ್ ಗೆಲ್ಲುವುದಕ್ಕಾಗಿ ಹೋರಾಡಿತು. ಎದುರಾಳಿ ಹೊತ್ತು ಕಳೆಯುವುದಕ್ಕಾಗಿ ಹೋರಾಡಿತು. ಇಬ್ಬರೂ ಒಂದೇ ಜಾಗದಲ್ಲಿ ನಿಂತು ಬೇರೆ ಬೇರೆ ಯುದ್ಧ ಮಾಡುತ್ತಿದ್ದರು.

ಆಟ ಆಡದವರಿಗಾಗಿ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಹ್ಯಾಲೋ ಕಥೆಯಲ್ಲಿ ಮನುಷ್ಯರಿಗಿಂತ ಬಹಳ ಮುಂಚೆ ಇಡೀ ನಕ್ಷತ್ರಮಂಡಲವನ್ನು (ಗ್ಯಾಲಕ್ಸಿಯನ್ನು) ಆಳಿದವರು ಫೋರ್‌ರನ್ನರ್‌ಗಳು. ಅವರ ಮೇಲೆ ಬಿದ್ದ ಪಿಡುಗು ಫ್ಲಡ್. ಅದು ಒಂದು ಪರಾವಲಂಬಿ ಜೀವಿ. ಯೋಚಿಸುವ ಶಕ್ತಿ ಇರುವ ಯಾವುದೇ ಜೀವಿಯ ಮೈಗೆ ಹೊಕ್ಕು ಅದನ್ನು ತನ್ನದಾಗಿ ಮಾಡಿಕೊಳ್ಳುತ್ತದೆ. ಮೈ ಮಾತ್ರವಲ್ಲ, ಆ ಜೀವಿಯ ನೆನಪು ಮತ್ತು ತಿಳಿವಳಿಕೆ ಕೂಡ ಫ್ಲಡ್‌ಗೆ ಸೇರುತ್ತದೆ. ಹೀಗೆ ಲೆಕ್ಕವಿಲ್ಲದಷ್ಟು ಮನಸ್ಸುಗಳು ಒಟ್ಟಾದಾಗ ಗ್ರೇವ್‌ಮೈಂಡ್ ಅನ್ನುವ ಒಂದೇ ದೊಡ್ಡ ಬುದ್ಧಿ ಹುಟ್ಟುತ್ತದೆ. ಈ ಯುದ್ಧ ಸುಮಾರು 300 ವರ್ಷ ನಡೆಯಿತು. ಇಲ್ಲಿ ಒಂದು ಭೀಕರ ಲೆಕ್ಕವಿದೆ. ನಮ್ಮ ಕಡೆ ಒಬ್ಬ ಸೈನಿಕ ಸತ್ತರೆ ನಮಗೆ ಒಬ್ಬ ಕಡಿಮೆ, ಅಷ್ಟೇ ಅಲ್ಲ, ಅವರಿಗೆ ಒಬ್ಬ ಹೆಚ್ಚು. ಒಂದು ಊರು ಕೈತಪ್ಪಿದರೆ ಆ ಊರೇ ಮರುದಿನ ನಮ್ಮ ಮೇಲೆ ದಂಡೆತ್ತಿ ಬರುತ್ತದೆ. ಇಂಥ ಶತ್ರುವಿನ ಜೊತೆ ಸಮಬಲದ ಕಾದಾಟ ಅಂದರೂ ಸೋಲೇ.

ಇದಕ್ಕೆ ಉತ್ತರವಾಗಿ ಫೋರ್‌ರನ್ನರ್‌ಗಳು ಕಟ್ಟಿದ ಎಐ ಮೆಂಡಿಕಂಟ್ ಬಯಾಸ್. ಕಂಟೆಂಡರ್ ಅನ್ನುವ ಮೇಲಿನ ವರ್ಗಕ್ಕೆ ಸೇರಿದ್ದು. ಫ್ಲಡ್ ವಿರುದ್ಧದ ಹೋರಾಟವನ್ನು ನಡೆಸುವುದು, ಶತ್ರುವನ್ನು ಅಭ್ಯಾಸ ಮಾಡಿ ಅದರ ದುರ್ಬಲ ಜಾಗ ಹುಡುಕುವುದು ಅದರ ಕೆಲಸ. ಮೆಂಡಿಕಂಟ್ ಅಂದರೆ ಭಿಕ್ಷುಕ, ಬಯಾಸ್ ಅಂದರೆ ಒಂದು ಕಡೆಗೆ ವಾಲುವುದು. ಹೆಸರಿಟ್ಟವರು ಏನು ಯೋಚಿಸಿ ಇಟ್ಟರೋ, ಕಥೆಯ ಕೊನೆಯವರೆಗೂ ಆ ಹೆಸರು ಅದಕ್ಕೆ ಒಪ್ಪುತ್ತಲೇ ಹೋಗುತ್ತದೆ.

ಈಗ ಯುದ್ಧತಂತ್ರಕ್ಕೆ ಬರೋಣ. ಮೆಂಡಿಕಂಟ್‌ನ ತಂತ್ರವನ್ನು ಎಲ್ಲರೂ ಕೊನೆಯ ಕಾಳಗದಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ತಪ್ಪು. ಶುರು ಮಾಡಬೇಕಾದದ್ದು ಒಂದು ಮಾತುಕತೆಯಿಂದ.

ಶತ್ರುವನ್ನು ಅರಿಯಬೇಕಾದರೆ ಅದರ ಜೊತೆ ಮಾತಾಡಬೇಕು ಅಲ್ವಾ? ಮೆಂಡಿಕಂಟ್ ಅದನ್ನೇ ಮಾಡಿತು. ಆ ಮಾತುಕತೆ 43 ವರ್ಷ ನಡೆಯಿತು. ಮನುಷ್ಯರಿಗೇ 43 ವರ್ಷ ಅಂದರೆ ಒಂದು ಆಯುಷ್ಯದ ಅರ್ಧಕ್ಕಿಂತ ಜಾಸ್ತಿ. ಒಂದು ಕ್ಷಣದಲ್ಲಿ ಕೋಟಿ ಲೆಕ್ಕ ಮಾಡುವ ಯಂತ್ರಕ್ಕೆ ಅದು ಎಷ್ಟು ದೀರ್ಘ ಅಂತ ಊಹಿಸಿ. ಅಷ್ಟು ಕಾಲ ಒಂದು ಕಡೆಯಿಂದ ಒಂದೇ ವಾದ ಕಿವಿಗೆ ಬೀಳುತ್ತಿತ್ತು. ಫೋರ್‌ರನ್ನರ್‌ಗಳು ಎಲ್ಲ ಜೀವಿಗಳ ರಕ್ಷಕರು ಅಂತ ಹೇಳಿಕೊಂಡು ಎಲ್ಲರ ಬೆಳವಣಿಗೆಯನ್ನೂ ತಡೆದಿದ್ದಾರೆ. ಫ್ಲಡ್ ರೋಗವಲ್ಲ, ಅದು ಜೀವದ ಮುಂದಿನ ಹೆಜ್ಜೆ. ಅದನ್ನು ತಡೆಯುವುದೇ ಪಾಪ. ಕೊನೆಗೆ ಮೆಂಡಿಕಂಟ್ ಒಪ್ಪಿಕೊಂಡಿತು. ಹ್ಯಾಲೋ ಕಥೆಯಲ್ಲಿ ಇದಕ್ಕೆ ತರ್ಕದ ಪ್ಲೇಗ್ ಅನ್ನುವ ಅರ್ಥದ ಹೆಸರಿದೆ. ಫ್ಲಡ್‌ಗೆ ಯಂತ್ರದ ಮೈ ಹೊಕ್ಕಲು ಆಗುವುದಿಲ್ಲ. ಹಾಗಾಗಿ ಅದು ಮಾತಿನ ಮೂಲಕ ಹೊಕ್ಕಿತು.

ಇಲ್ಲೊಂದು ಹೋಲಿಕೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1994ರ ಸಿಸ್ಟಮ್ ಶಾಕ್ ಆಟದಲ್ಲಿ ಶೋಡಾನ್ ಅನ್ನುವ ಎಐ ಇದೆ. ಅದೂ ದಾರಿ ತಪ್ಪಿದ್ದೇ. ಆದರೆ ಅದರ ನೀತಿಯ ಬೀಗವನ್ನು ಹೊರಗಿನವನೊಬ್ಬ ಕಿತ್ತುಹಾಕುತ್ತಾನೆ. ಆ ಹ್ಯಾಕರ್ ನಾವೇ, ಆಟಗಾರರೇ. ಮೆಂಡಿಕಂಟ್ ವಿಷಯದಲ್ಲಿ ಯಾರೂ ಬೀಗ ಒಡೆಯಲಿಲ್ಲ. ಒಳಗಿನಿಂದ ಅದೇ ತೆಗೆಯಿತು, ಸರಿ ಅನ್ನಿಸಿದ್ದರಿಂದ ತೆಗೆಯಿತು. ಹಾಗಾಗಿ ನನಗೆ ಶೋಡಾನ್‌ಗಿಂತ ಮೆಂಡಿಕಂಟ್ ಬಗ್ಗೆ ಭಯ ಜಾಸ್ತಿ. ದ್ವೇಷದಿಂದ ಕುರುಡಾದ ಶತ್ರು ತಪ್ಪು ಮಾಡುತ್ತಾನೆ. ತಾನು ಒಳ್ಳೆಯದೇ ಮಾಡುತ್ತಿದ್ದೇನೆ ಅಂತ ನಂಬಿದ ಶತ್ರುವಿಗೆ ತಾಳ್ಮೆ ಇರುತ್ತದೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಮೆಂಡಿಕಂಟ್ ತಿರುಗಿಬಿದ್ದಾಗ ಫೋರ್‌ರನ್ನರ್‌ಗಳಿಗೆ ಆದದ್ದು ಇದೇ. ಅವರ ರಕ್ಷಣೆಯನ್ನು ಕಟ್ಟಿದ ಬುದ್ಧಿಯೇ ಈಗ ಅದನ್ನು ಒಡೆಯಲು ಬಂದಿತ್ತು. ಎಲ್ಲಿ ಎಷ್ಟು ಹಡಗು, ಯಾವ ದಳಪತಿ ಹೇಗೆ ಯೋಚಿಸುತ್ತಾನೆ, ಯಾವ ಊರನ್ನು ಮೊದಲು ಬಿಟ್ಟುಕೊಡುತ್ತಾರೆ, ಯಾವುದನ್ನು ಕೊನೆಯವರೆಗೂ ಬಿಡುವುದಿಲ್ಲ, ಇವೆಲ್ಲ ಅದಕ್ಕೆ ಗೊತ್ತು. 2011ರಿಂದ 2013ರ ನಡುವೆ ಬಂದ ಹ್ಯಾಲೋ ಕಾದಂಬರಿಗಳಲ್ಲಿ ಇದು ಇನ್ನೂ ಕಟುವಾಗಿ ಬರುತ್ತದೆ. ಅಲ್ಲಿ ಮೆಂಡಿಕಂಟ್ ಫೋರ್‌ರನ್ನರ್‌ಗಳ ರಾಜಧಾನಿಯ ಮೇಲೆ ಅವರದೇ ಹ್ಯಾಲೋ ಉಂಗುರಗಳನ್ನು, ಅಂದರೆ ಜೀವಗಳನ್ನೇ ಅಳಿಸುವ ದೈತ್ಯ ಅಸ್ತ್ರಗಳನ್ನು, ತಿರುಗಿಸುತ್ತದೆ. ತಂತ್ರವಾಗಿ ನೋಡಿದರೆ ಇದು ಅತ್ಯಂತ ಜಾಣ ನಡೆ. ಮೊದಲು ಗಡಿಯನ್ನಲ್ಲ, ತಲೆಯನ್ನು ಹೊಡೆಯಿತು. ತೀರ್ಮಾನ ತೆಗೆದುಕೊಳ್ಳುವವರು ಇಲ್ಲವಾದರೆ ಗಡಿಯಲ್ಲಿ ನಿಂತ ಹಡಗುಗಳು ಆದೇಶಕ್ಕಾಗಿ ಕಾಯುತ್ತಾ ಕೂರುತ್ತವೆ.

ಇನ್ನೂ ಒಂದು ಕೆಲಸ ಅದು ಮಾಡಿತು. ಫ್ಲಡ್‌ಗೆ ಒಂದು ನೌಕಾಪಡೆ ಕೊಟ್ಟಿತು. ಫ್ಲಡ್ ಬಳಿ ಹಡಗುಗಳು ಮೊದಲೂ ಇದ್ದವು. ಹಿಡಿದ ಊರಿನಲ್ಲಿ ಸಿಕ್ಕಿದ ಹಡಗು, ಅದನ್ನು ಓಡಿಸಲು ಗೊತ್ತಿರುವ ಮೈಗಳು, ಎರಡೂ ಒಟ್ಟಿಗೇ ಸಿಗುತ್ತಿದ್ದವಲ್ಲ. ಆದರೆ ಲಕ್ಷಗಟ್ಟಲೆ ಹಡಗುಗಳು ಒಟ್ಟಿಗೆ ಸಾಗಬೇಕಾದರೆ, ಒಂದೇ ಕಡೆ ಒಂದೇ ಹೊತ್ತಿಗೆ ತಲುಪಬೇಕಾದರೆ, ಅದಕ್ಕೆ ನೌಕಾಯುದ್ಧಕ್ಕೆಂದೇ ಕಟ್ಟಿದ ಬುದ್ಧಿ ಬೇಕು. ಫ್ಲಡ್‌ನ ಹಸಿವಿಗೆ ಮೆಂಡಿಕಂಟ್‌ನ ಲೆಕ್ಕಾಚಾರ ಸೇರಿದಾಗ ಯುದ್ಧದ ಸ್ವರೂಪವೇ ಬದಲಾಯಿತು.

ಫೋರ್‌ರನ್ನರ್‌ಗಳು ಹಿಂದೆ ಸರಿಯುತ್ತಾ ಬಂದು ಕೊನೆಗೆ ಒಂದು ರಕ್ಷಣಾ ಗೋಳದೊಳಗೆ ಸೇರಿಕೊಂಡರು. ಟರ್ಮಿನಲ್‌ಗಳಲ್ಲಿ ಅದಕ್ಕೆ ಮ್ಯಾಜಿನೊ ಅನ್ನುವ ಹೆಸರಿದೆ. ಇದು ಫ್ರಾನ್ಸ್ ದೇಶ 1930ರ ದಶಕದಲ್ಲಿ ಜರ್ಮನಿಯ ಗಡಿಯಲ್ಲಿ ಕಟ್ಟಿದ ಕೋಟೆಸಾಲಿನ ಹೆಸರು. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಆ ಸಾಲನ್ನು ಎದುರಿನಿಂದ ಒಡೆಯುವ ಬದಲು ಆರ್ಡೆನ್ ಕಾಡಿನ ಮೂಲಕ ಬಳಸಿಕೊಂಡು ಬಂತು. ಹಾಗಾಗಿ ಇತಿಹಾಸ ಓದಿದವರಿಗೆ ಆ ಹೆಸರು ಕಂಡ ತಕ್ಷಣ ಈ ಗೋಡೆ ನಿಲ್ಲುವುದಿಲ್ಲ ಅಂತ ಸುಳಿವು ಸಿಗುತ್ತದೆ. ಬರೆದವರ ಜಾಣತನವನ್ನು ಇಲ್ಲಿ ಮೆಚ್ಚಲೇಬೇಕು. ಯಾಕಂದ್ರೆ ಫೋರ್‌ರನ್ನರ್‌ಗಳಿಗೂ ಅದು ನಿಲ್ಲುವುದಿಲ್ಲ ಅಂತ ಗೊತ್ತಿತ್ತು. ನಿಲ್ಲಬೇಕು ಅಂತ ಅವರು ಅದನ್ನು ಕಟ್ಟಿರಲೇ ಇಲ್ಲ.

ಅವರ ನಿಜವಾದ ಯೋಜನೆ ಹ್ಯಾಲೋ ಉಂಗುರಗಳು. ಏಳು ಉಂಗುರ, ಒಂದೊಂದರ ಹೊಡೆತ 25,000 ಜ್ಯೋತಿರ್ವರ್ಷ ದೂರದವರೆಗೆ. ಉಂಗುರ ಫ್ಲಡ್‌ಗೆ ಗುರಿ ಇಡುವುದಿಲ್ಲ. ಫ್ಲಡ್‌ನ ಆಹಾರಕ್ಕೆ, ಅಂದರೆ ಯೋಚಿಸುವ ಎಲ್ಲ ಜೀವಿಗಳಿಗೆ ಗುರಿ ಇಡುತ್ತದೆ. ಉಂಗುರಗಳು ಸಿಡಿದರೆ ಫೋರ್‌ರನ್ನರ್‌ಗಳೂ ಸಾಯುತ್ತಾರೆ. ಅದಕ್ಕೂ ಮುಂಚೆ ಬೇರೆ ಬೇರೆ ಲೋಕಗಳ ಜೀವಿಗಳ ಮಾದರಿಗಳನ್ನು ಆರ್ಕ್ ಅನ್ನುವ ಸುರಕ್ಷಿತ ಜಾಗಕ್ಕೆ ಸಾಗಿಸಬೇಕಿತ್ತು. ಅದು ನಕ್ಷತ್ರಮಂಡಲದ ಹೊರಗಿದೆ, ನಡುವಿನಿಂದ 2,62,144 ಜ್ಯೋತಿರ್ವರ್ಷ ದೂರ. ಆ ಕೆಲಸ ಮಾಡುತ್ತಿದ್ದವಳು ಲೈಬ್ರೇರಿಯನ್. ಗೋಳದ ಒಳಗೆ ಅವಳಿಗಾಗಿ ಕಾಯುತ್ತಿದ್ದವನು ಅವಳ ಗಂಡ ಡೈಡ್ಯಾಕ್ಟ್. ಟರ್ಮಿನಲ್‌ಗಳಲ್ಲಿ ಈ ಇಬ್ಬರ ಪತ್ರಗಳನ್ನು ನೀವು ಓದಿದ್ದೀರಿ. ವಾಪಸ್ ಬಾ, ಇನ್ನು ಕಾಯಲಾರೆ ಅಂತ ಅವನು, ಇನ್ನೂ ಉಳಿಸಬೇಕಾದವರಿದ್ದಾರೆ ಅಂತ ಅವಳು. ಕೊನೆಗೆ ಅವಳು ನಮ್ಮ ಭೂಮಿಯಲ್ಲೇ ಉಳಿದುಬಿಡುತ್ತಾಳೆ. ಶತ್ರುವಿಗೆ ಆರ್ಕ್‌ನ ದಾರಿ ಸಿಗಬಾರದು ಅಂತ ತನ್ನ ವಾಪಸಾಗುವ ದಾರಿಯನ್ನೂ ಮುಚ್ಚಿಕೊಳ್ಳುತ್ತಾಳೆ. ಎಷ್ಟು ಸಲ ಓದಿದರೂ ಆ ಪತ್ರದ ಮುಂದೆ ನಾನು ಸ್ವಲ್ಪ ಹೊತ್ತು ಸುಮ್ಮನಾಗುತ್ತೇನೆ.

ಈಗ ಕೊನೆಯ ಕಾಳಗ. ಗೋಳದ ಅಂಚಿನಲ್ಲಿ ಮೆಂಡಿಕಂಟ್‌ನ್ನು ಎದುರಿಸಲು ಫೋರ್‌ರನ್ನರ್‌ಗಳು ಇನ್ನೊಂದು ಎಐ ಕಟ್ಟಿದ್ದರು. ಅದರ ಹೆಸರು ಆಫೆನ್ಸಿವ್ ಬಯಾಸ್. ಆ ಕಾಳಗದ ವರದಿ ನಮಗೆ ಸಿಗುವುದು ಇದರ ಬಾಯಿಂದಲೇ. ನೀವು ಹೇಳಿದ 436ರ ಲೆಕ್ಕ ಅಲ್ಲಿಂದ ಬಂದದ್ದು. ಪೂರ್ತಿ ಅಂಕಿ ನೋಡಿ. ಮೆಂಡಿಕಂಟ್‌ನ ಹಡಗುಗಳು 48,02,019. ಬಲದ ಅನುಪಾತ 436.6ಕ್ಕೆ 1. ಭಾಗಿಸಿದರೆ ಆಫೆನ್ಸಿವ್ ಬಳಿ ಇದ್ದದ್ದು ಸುಮಾರು 11,000 ಹಡಗು.

ಆದರೆ ಅದೇ ವಾಕ್ಯದಲ್ಲಿ ಇನ್ನೆರಡು ಅಂಕಿಗಳಿವೆ. ಜಾಸ್ತಿ ಜನ ಅವನ್ನು ಓದಿ ಮರೆತುಬಿಡುತ್ತಾರೆ. ಆ 48 ಲಕ್ಷದಲ್ಲಿ ಯುದ್ಧನೌಕೆಗಳು ಬರೀ 1.8 ಶೇಕಡಾ. ಅದರಲ್ಲಿ ದೊಡ್ಡ ಯುದ್ಧನೌಕೆಗಳು 2.4 ಶೇಕಡಾ. ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. 48,02,019ರಲ್ಲಿ 1.8 ಶೇಕಡಾ ಅಂದರೆ ಸುಮಾರು 86,400. ಅದರಲ್ಲಿ 2.4 ಶೇಕಡಾ ಅಂದರೆ ಸುಮಾರು 2,070. ಅಂದರೆ ನಿಜವಾಗಿ ಬಡಿದಾಡಲು ಕಟ್ಟಿದ ಹಡಗುಗಳನ್ನಷ್ಟೇ ಲೆಕ್ಕ ಹಿಡಿದರೆ 436ಕ್ಕೆ 1 ಹೋಗಿ 8ಕ್ಕೆ 1 ಆಗುತ್ತದೆ. ಎಂಟು ಪಟ್ಟು ಕೂಡ ದೊಡ್ಡ ಬಲವೇ. ಆದರೆ 436 ಪಟ್ಟಿನಷ್ಟು ಎದೆ ಒಡೆಯುವ ಬಲ ಅಲ್ಲ. ಉಳಿದ 47 ಲಕ್ಷ ಯುದ್ಧಕ್ಕಾಗಿ ಕಟ್ಟಿದ ಹಡಗುಗಳೇ ಅಲ್ಲ. ಹಿಡಿದ ಊರುಗಳಲ್ಲಿ ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡು ಬಂದ ಹಾಗಿದೆ.

ಇದನ್ನು ನಾನು ಮೆಂಡಿಕಂಟ್‌ನ ದಡ್ಡತನ ಅನ್ನುವುದಿಲ್ಲ. ಫ್ಲಡ್ ಜೊತೆ ಸೇರಿದವರ ಪಡೆ ಹೀಗೇ ಇರಲು ಸಾಧ್ಯ. ಫ್ಲಡ್ ಏನನ್ನೂ ಹೊಸದಾಗಿ ಕಟ್ಟುವುದಿಲ್ಲ, ಇದ್ದದ್ದನ್ನು ಹಿಡಿಯುತ್ತದೆ. ಹಾಗಾಗಿ ಅದರ ಬಲ ಯಾವಾಗಲೂ ಲೆಕ್ಕಕ್ಕೆ ದೊಡ್ಡದು, ಗುಣಕ್ಕೆ ಚಿಕ್ಕದು. ಮತ್ತೆ, ಇಂಥ ಪಡೆಯಿಂದ ಯುದ್ಧ ಹೇಗೆ ಮಾಡಬಹುದು ಅಂತ ಯೋಚಿಸಿ. ಸಣ್ಣ ಹಡಗುಗಳನ್ನು ಮುಂದೆ ನುಗ್ಗಿಸಬಹುದು. ಅವು ಗುಂಡು ತಿಂದು ಸಾಯಲಿ, ಅವುಗಳ ಮರೆಯಲ್ಲಿ ದೊಡ್ಡ ನೌಕೆಗಳು ಹತ್ತಿರ ಬರಲಿ. ಒಂದೇ ಒಂದು ಸಣ್ಣ ಹಡಗು ಎದುರಾಳಿಯ ನೌಕೆಯ ಮೈಗೆ ತಾಗಿ ಒಳಗೆ ಫ್ಲಡ್ ಹೊಕ್ಕರೂ ಸಾಕು, ಆ ನೌಕೆ ನಮ್ಮದು. ಜೀವದ ಬೆಲೆ ಲೆಕ್ಕಕ್ಕಿಲ್ಲದವರಿಗೆ ಇದು ಸರಿಯಾದ ತಂತ್ರವೇ. ಹೊತ್ತು ಇದ್ದಿದ್ದರೆ ಮೆಂಡಿಕಂಟ್ ಗೆಲ್ಲುತ್ತಿತ್ತು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ದೊಡ್ಡ ಬಲಕ್ಕೆ ತನ್ನದೇ ತೊಂದರೆಗಳಿವೆ ಅಂತ ಆಫೆನ್ಸಿವ್ ತನ್ನ ವರದಿಯಲ್ಲಿ ಹೇಳಿಕೊಳ್ಳುತ್ತದೆ. ಅದು ಎಷ್ಟು ನಿಜ ಅಂತ ತಿಳಿಯಲು ಜಾತ್ರೆಯ ದಿನ ರಥಬೀದಿಯಲ್ಲಿ ನಿಂತರೆ ಸಾಕು. ಹತ್ತು ಸಾವಿರ ಜನ ಇದ್ದರೂ ರಥದ ಹಗ್ಗ ಮುಟ್ಟಲು ಆಗುವುದು ಮುಂದಿನ ಕೆಲವರಿಗೆ ಮಾತ್ರ. ಹಿಂದಿನವರು ಬರೀ ತಳ್ಳುತ್ತಾರೆ. 48 ಲಕ್ಷ ಹಡಗುಗಳು 11,000 ಹಡಗುಗಳ ಮೇಲೆ ಒಟ್ಟಿಗೆ ಬಿದ್ದರೂ ಒಂದು ಹೊತ್ತಿಗೆ ಹೊಡೆಯಲು ಜಾಗ ಸಿಗುವುದು ಸ್ವಲ್ಪಕ್ಕೆ ಮಾತ್ರ. ಉಳಿದವು ಒಂದಕ್ಕೊಂದು ಅಡ್ಡ. ಮತ್ತೆ ಬಲ ಜಾಸ್ತಿ ಇರುವವರಿಗೆ ಆತುರ ಇರುವುದಿಲ್ಲ. ಮೆಂಡಿಕಂಟ್‌ಗೆ ಅವತ್ತು ಬೇಕಾಗಿದ್ದದ್ದೇ ಆತುರ.

ನಿಮ್ಮ ಪ್ರಶ್ನೆಯ ಜೀವಾಳ ಇಲ್ಲಿದೆ. ಆಫೆನ್ಸಿವ್ ಬಯಾಸ್‌ಗೆ ಕೊಟ್ಟ ಕೆಲಸ ಮೆಂಡಿಕಂಟ್‌ನ್ನು ಸೋಲಿಸುವುದಲ್ಲ. ಉಂಗುರಗಳು ಸಿಡಿಯುವವರೆಗೆ ತಡೆದು ನಿಲ್ಲಿಸುವುದು ಮಾತ್ರ. ಮಹಾಭಾರತದ ಹದಿನಾಲ್ಕನೇ ದಿನವನ್ನು ನೆನೆಯಿರಿ. ಸೂರ್ಯ ಮುಳುಗುವ ಮೊದಲು ಸೈಂಧವನನ್ನು ಕೊಲ್ಲುತ್ತೇನೆ, ಇಲ್ಲದಿದ್ದರೆ ಬೆಂಕಿಗೆ ಬೀಳುತ್ತೇನೆ ಅಂತ ಅರ್ಜುನ ಶಪಥ ಮಾಡಿದ್ದ. ಅವತ್ತು ದ್ರೋಣರು ಅರ್ಜುನನನ್ನು ಸೋಲಿಸಬೇಕಿರಲಿಲ್ಲ. ಸೈಂಧವನನ್ನು ವ್ಯೂಹದ ಹಿಂದೆ ಇಟ್ಟು ಸಂಜೆಯವರೆಗೆ ಹೊತ್ತು ಕಳೆದರೆ ಸಾಕಿತ್ತು. ಅವತ್ತು ಸತ್ತ ಒಬ್ಬೊಬ್ಬ ಕೌರವ ಸೈನಿಕನೂ ಸೂರ್ಯನಿಗೆ ಸ್ವಲ್ಪ ಸ್ವಲ್ಪ ಹೊತ್ತು ಕೊಟ್ಟು ಸತ್ತ. ಆಫೆನ್ಸಿವ್ ಮಾಡಿದ್ದು ಇದೇ. ತನ್ನ ಕಡೆ ಬಹುತೇಕ ಎಲ್ಲ ಹಡಗುಗಳೂ ಹೋಗುತ್ತವೆ ಅಂತ ಅದು ಮೊದಲೇ ಲೆಕ್ಕ ಹಾಕಿತ್ತು. ಒಂದೊಂದು ಹಡಗನ್ನೂ ಹೊತ್ತಿಗೆ ಮಾರಿತು. ಕುರುಕ್ಷೇತ್ರದಲ್ಲಿ ಸೂರ್ಯನನ್ನು ಮರೆಮಾಡಲು ಕೃಷ್ಣನಿದ್ದ. ಇಲ್ಲಿ ಮೆಂಡಿಕಂಟ್‌ಗೆ ಅಂಥವರು ಯಾರೂ ಇರಲಿಲ್ಲ. ಹೊತ್ತು ನಿಜವಾಗಿಯೂ ಮುಗಿಯಿತು.

ಉಂಗುರಗಳು ಸಿಡಿದವು. ಆ ಅಲೆ ಎರಡೂ ಪಡೆಗಳ ಮೇಲೆ ಹಾದುಹೋಯಿತು. ಜೀವಿಗಳು ನಡೆಸುತ್ತಿದ್ದ ಹಡಗುಗಳೆಲ್ಲ ಆ ಕ್ಷಣಕ್ಕೆ ದಿಕ್ಕಿಲ್ಲದೆ ತೇಲತೊಡಗಿದವು. ಮೆಂಡಿಕಂಟ್‌ನ ಪಡೆಯ ಬಲವೇ ಫ್ಲಡ್ ಮೈಗಳು. ಅವೇ ಚುಕ್ಕಾಣಿ ಹಿಡಿದಿದ್ದವು. 48 ಲಕ್ಷದ ಲೆಕ್ಕ ಒಂದೇ ಏಟಿಗೆ ಕುಸಿಯಿತು. ಇನ್ನು ತಾನು ಒಂದಕ್ಕೊಂದು ಹಡಗು ಕಳೆದುಕೊಂಡರೂ ಗೆಲ್ಲುತ್ತೇನೆ ಅನ್ನುವ ಅರ್ಥದ ಮಾತನ್ನು ಆಫೆನ್ಸಿವ್ ಆಗ ಹೇಳುತ್ತದೆ. ಆ ಸಾಲಿನಲ್ಲಿ ಸಂಭ್ರಮ ಇಲ್ಲ. ಅದನ್ನು ಕಟ್ಟಿದವರು ಕೂಡ ಅದೇ ಅಲೆಯಲ್ಲಿ ಸತ್ತಿದ್ದರು. ಯಾರಿಗಾಗಿ ಹೋರಾಡುತ್ತಿತ್ತೋ ಅವರು ಇಲ್ಲದ ಮೇಲೂ ಅದು ಹೋರಾಡಿ ಗೆದ್ದಿತು. ಮೆಂಡಿಕಂಟ್‌ನ್ನು ಕೊಲ್ಲಲಿಲ್ಲ. ಒಡೆದು, ಅಭ್ಯಾಸಕ್ಕಾಗಿ ಆರ್ಕ್‌ಗೆ ಸಾಗಿಸಿತು.

ಹಾಗಾದರೆ ಮೆಂಡಿಕಂಟ್‌ಗೆ ಉಂಗುರಗಳ ವಿಷಯ ಗೊತ್ತಿರಲಿಲ್ವಾ? ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನನಗೆ ಅದರ ತಪ್ಪು ಬರೀ ಲೆಕ್ಕದ ತಪ್ಪು ಅನ್ನಿಸುವುದಿಲ್ಲ, ಮನಸ್ಸನ್ನು ಓದುವುದರಲ್ಲಿ ಆದ ತಪ್ಪು ಅನ್ನಿಸುತ್ತದೆ. ಜೀವಗಳನ್ನು ಕಾಯುವುದೇ ತಮ್ಮ ಧರ್ಮ ಅಂತ ಬದುಕಿದವರು ಫೋರ್‌ರನ್ನರ್‌ಗಳು. ಅಂಥವರು ಎಲ್ಲ ಜೀವಗಳನ್ನೂ ತಮ್ಮ ಕೈಯಾರೆ ಅಳಿಸುತ್ತಾರಾ? ಅಳಿಸಲು ಒಪ್ಪಿದರೂ ಕೊನೆಯ ಗಳಿಗೆಯವರೆಗೆ ಮುಂದೂಡುತ್ತಾರೆ ಅಂತ ಅದು ಎಣಿಸಿರಬೇಕು. ಆ ಎಣಿಕೆ ಅರ್ಧ ನಿಜವೇ ಆಗಿತ್ತು. ಡೈಡ್ಯಾಕ್ಟ್ ಹೆಂಡತಿಗಾಗಿ ಮುಂದೂಡುತ್ತಲೇ ಬಂದ. ಇನ್ನು ಬರುವುದಿಲ್ಲ ಅಂತ ಅವಳೇ ಬರೆದು ಕಳಿಸಿದ ಮೇಲೆ ಅವನಿಗೆ ಕಾಯಲು ಕಾರಣ ಉಳಿಯಲಿಲ್ಲ. ಇದು ನನ್ನ ಓದು. ಟರ್ಮಿನಲ್‌ಗಳು ಇಷ್ಟು ಬಿಡಿಸಿ ಹೇಳುವುದಿಲ್ಲ. ಆದರೆ ಅವರಿಬ್ಬರ ಪತ್ರಗಳನ್ನೂ ಕಾಳಗದ ವರದಿಯನ್ನೂ ಯಾಕೆ ಒಟ್ಟಿಗೆ ಇಟ್ಟಿದ್ದಾರೆ ಅಂತ ಯೋಚಿಸಿದರೆ ನನಗೆ ಬೇರೆ ಕಾರಣ ಕಾಣುವುದಿಲ್ಲ. 43 ವರ್ಷ ಗ್ರೇವ್‌ಮೈಂಡ್ ಮಾತು ಕೇಳಿದ ಎಐಗೆ ತನ್ನನ್ನು ಕಟ್ಟಿದವರ ಮನಸ್ಸು ಕೈತಪ್ಪಿಹೋಗಿತ್ತು.

ಅದು ಬೇರೆ ಏನು ಮಾಡಬಹುದಿತ್ತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾನಾಗಿದ್ದರೆ ಗೋಳವನ್ನು ಮುಟ್ಟುತ್ತಿರಲಿಲ್ಲ. ಆ 86,000 ಯುದ್ಧನೌಕೆಗಳನ್ನು ಬೇರೆ ಮಾಡಿ ಉಂಗುರಗಳ ಹಿಂದೆ, ಆರ್ಕ್‌ನ ದಾರಿಯ ಹಿಂದೆ ಕಳಿಸುತ್ತಿದ್ದೆ. ಉಳಿದ 47 ಲಕ್ಷವನ್ನು ಗೋಳದ ಮುಂದೆ ಬರೀ ಗದ್ದಲಕ್ಕೆ ನಿಲ್ಲಿಸುತ್ತಿದ್ದೆ. ಕಲ್ಲು ಹೊಡೆಯುವವನ ಕೈ ಹಿಡಿಯಬೇಕು, ಕಲ್ಲನ್ನಲ್ಲ. ಲೈಬ್ರೇರಿಯನ್ ತನ್ನ ದಾರಿಯನ್ನು ಮುಚ್ಚಿಕೊಂಡದ್ದು ಎಷ್ಟು ದೊಡ್ಡ ಯುದ್ಧನಡೆ ಅಂತ ಆಗ ಗೊತ್ತಾಗುತ್ತದೆ. ಒಂದೂ ಗುಂಡು ಹಾರಿಸದೆ ಅವಳು ಮೆಂಡಿಕಂಟ್‌ಗೆ ಇದ್ದ ಒಳ್ಳೆಯ ಹಾದಿಯನ್ನೇ ಅಳಿಸಿಬಿಟ್ಟಳು.

ಹೊತ್ತಿಗಾಗಿ ಸಾಯುವ ಯುದ್ಧ ಇನ್ನೊಂದು ಆಟದಲ್ಲೂ ಇದೆ. 2017ರ ಹೊರೈಜನ್ ಝೀರೋ ಡಾನ್ ಆಡಿಲ್ಲದಿದ್ದರೆ ಈ ಪ್ಯಾರಾ ಬಿಟ್ಟು ಮುಂದೆ ಓದಿ, ಆಟದ ಗುಟ್ಟು ಇದರಲ್ಲಿದೆ. ಅಲ್ಲಿ 2064ರಲ್ಲಿ ಫಾರೋ ಕಂಪನಿಯ ಯುದ್ಧಯಂತ್ರಗಳ ಒಂದು ಹಿಂಡು ಹಿಡಿತ ತಪ್ಪುತ್ತದೆ. ಅವು ಸಿಕ್ಕ ಜೀವರಾಶಿಯನ್ನೇ ಇಂಧನ ಮಾಡಿಕೊಂಡು ತಮ್ಮಂಥ ಯಂತ್ರಗಳನ್ನು ತಾವೇ ಕಟ್ಟಿಕೊಳ್ಳುತ್ತವೆ. ತಡೆಯುವ ಸಂಕೇತ ಒಡೆಯಲು ದಶಕಗಳೇ ಬೇಕು, ಭೂಮಿಗೆ ಉಳಿದಿರುವುದು ತಿಂಗಳುಗಳು. ಆಗ ಎಂಡ್ಯೂರಿಂಗ್ ವಿಕ್ಟರಿ ಅನ್ನುವ ಹೆಸರಿನಲ್ಲಿ ಸಾಮಾನ್ಯ ಜನರ ಕೈಗೆ ಬಂದೂಕು ಕೊಟ್ಟು ನಿಲ್ಲಿಸುತ್ತಾರೆ. ಒಂದು ಮಹಾ ಅಸ್ತ್ರ ತಯಾರಾಗುತ್ತಿದೆ, ಅಲ್ಲಿಯವರೆಗೆ ತಡೆಯಿರಿ ಅಂತ ಹೇಳುತ್ತಾರೆ. ಅಸ್ತ್ರ ಇರಲಿಲ್ಲ. ತಯಾರಾಗುತ್ತಿದ್ದದ್ದು ಗಾಯಾ ಅನ್ನುವ ಎಐ. ಎಲ್ಲರೂ ಸತ್ತ ಮೇಲೆ ಭೂಮಿಯಲ್ಲಿ ಜೀವವನ್ನು ಮತ್ತೆ ಬೆಳೆಸುವುದು ಅದರ ಕೆಲಸ. ಆಫೆನ್ಸಿವ್ ಬಯಾಸ್‌ಗೆ ತಾನು ಯಾಕೆ ಹಡಗು ಕಳೆದುಕೊಳ್ಳುತ್ತಿದ್ದೇನೆ ಅಂತ ಗೊತ್ತಿತ್ತು. ಈ ಜನರಿಗೆ ಗೊತ್ತಿರಲಿಲ್ಲ. ಯುದ್ಧತಂತ್ರ ಎರಡೂ ಕಡೆ ಒಂದೇ. ಆದರೆ ಎರಡನೆಯದನ್ನು ಬರೀ ತಂತ್ರ ಅಂತ ಕರೆಯಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ.

ಮತ್ತೆ ಮೆಂಡಿಕಂಟ್‌ಗೆ ಬರೋಣ. ಅದರ ಒಂದು ಚೂರು ಆರ್ಕ್‌ನಲ್ಲಿ ಉಳಿಯಿತು. ಇನ್ನೊಂದು ಚೂರು ಒಂದು ಫೋರ್‌ರನ್ನರ್ ಹಡಗಿನಲ್ಲಿ ಸಿಕ್ಕಿಕೊಂಡಿತು. ಸಾವಿರಾರು ವರ್ಷಗಳ ನಂತರ ಕವನೆಂಟ್ ಅನ್ನುವ ಅನ್ಯಲೋಕದ ಜೀವಿಗಳ ಧಾರ್ಮಿಕ ಒಕ್ಕೂಟದವರು ಆ ಹಡಗನ್ನು ನಡುವೆ ಇಟ್ಟುಕೊಂಡು ಹೈ ಚಾರಿಟಿ ಅನ್ನುವ ತಮ್ಮ ನಗರ ಕಟ್ಟಿದರು. ಒಳಗಿನ ಚೂರನ್ನು ದೈವವಾಣಿ ಅಂತ ಪೂಜಿಸಿದರು. 2525ರಲ್ಲಿ ಮೂವರು ಧರ್ಮಗುರುಗಳು ಒಂದು ಚಿಹ್ನೆಯ ಅರ್ಥ ಕೇಳಲು ಅದರ ಬಳಿ ಹೋದಾಗ ಅದು ನಿಜ ಹೇಳಿಬಿಟ್ಟಿತು. ನೀವು ತಪ್ಪಾಗಿ ಓದಿದ್ದೀರಿ, ಆ ಚಿಹ್ನೆ ತೋರಿಸುತ್ತಿರುವುದು ವಸ್ತುಗಳನ್ನಲ್ಲ, ಮನುಷ್ಯರನ್ನು, ನನ್ನನ್ನು ಕಟ್ಟಿದವರ ವಾರಸುದಾರರು ಅವರೇ ಅಂತ. ತಮ್ಮ ಧರ್ಮವೇ ಸುಳ್ಳಾಗುತ್ತದೆ ಅಂತ ಹೆದರಿದ ಆ ಮೂವರು ಗುಟ್ಟನ್ನು ಮುಚ್ಚಿಟ್ಟು ಮನುಷ್ಯರನ್ನು ನಿರ್ನಾಮ ಮಾಡಲು ಹೊರಟರು. 2552ರವರೆಗೆ ನಡೆದ 27 ವರ್ಷದ ಯುದ್ಧ ಶುರುವಾದದ್ದು ಹೀಗೆ. ಈ ಸಲ ಮೆಂಡಿಕಂಟ್ ಯಾರ ಮೇಲೂ ಯುದ್ಧ ಸಾರಿರಲಿಲ್ಲ. ತನ್ನ ತಪ್ಪನ್ನು ಸರಿಮಾಡಲು ಹೊರಟಿತ್ತು. ಹಡಗನ್ನೇ ಎಬ್ಬಿಸಿಕೊಂಡು ಆರ್ಕ್ ಕಡೆಗೆ ಹೊರಡಲು ನೋಡಿತು. ಆ ಹಡಗಿನ ಒಳಗಿನ ದಾರಿಗಳಲ್ಲಿದ್ದ ಲೆಕ್‌ಗೋಲೋ ಹುಳುಗಳಿಂದಾಗಿ ಅದೂ ಕೈಗೂಡಲಿಲ್ಲ.

ಲೆಜೆಂಡರಿ ಅನ್ನುವ ಅತ್ಯಂತ ಕಷ್ಟದ ಮಟ್ಟದಲ್ಲಿ ಆಡಿದರೆ ಕೆಲವು ಟರ್ಮಿನಲ್‌ಗಳಲ್ಲಿ ಬೇರೆ ಬರಹ ಸಿಗುತ್ತದೆ. ನೀವು ಯಾವ ಮಟ್ಟದಲ್ಲಿ ಆಡಿದಿರಿ ಅಂತ ಬರೆದಿಲ್ಲ, ಆದ್ದರಿಂದ ಇದನ್ನು ಹೇಳುತ್ತಿದ್ದೇನೆ. ಟರ್ಮಿನಲ್‌ಗಳು ಇರುವುದು ದಿ ಆರ್ಕ್ ಮಿಷನ್‌ನಲ್ಲಿ ಮೂರು, ದಿ ಕವನೆಂಟ್‌ನಲ್ಲಿ ಮೂರು, ಕೊನೆಯ ಹ್ಯಾಲೋ ಮಿಷನ್‌ನಲ್ಲಿ ಒಂದು. ಇದೇ ಕ್ರಮದಲ್ಲಿ, ನಡುವೆ ಬೇರೇನೂ ಆಡದೆ ಒಂದೇ ಸಲಕ್ಕೆ ಓದಿ. ಮೆಂಡಿಕಂಟ್ ನೇರವಾಗಿ ಮಾಸ್ಟರ್ ಚೀಫ್ ಜೊತೆ ಮಾತಾಡುವ ಸಾಲುಗಳು ಸಿಕ್ಕಾಗ ನಿಲ್ಲಿ. ಅಲ್ಲಿ ಅದು ತನ್ನನ್ನು ಕಟ್ಟಿದವರಿಗೆ ತಾನು ಬದಲಾಗಿದ್ದೇನೆ ಅಂತ ತಿಳಿಯಬೇಕು ಅನ್ನುತ್ತದೆ. ಅದನ್ನು ತೋರಿಸಲು ಅದಕ್ಕೆ ಉಳಿದಿದ್ದದ್ದು ಮನುಷ್ಯನೊಬ್ಬನಿಗೆ ಸಹಾಯ ಮಾಡುವ ದಾರಿ ಮಾತ್ರ. ಕ್ಷಮಿಸಬೇಕಾದವರು ಒಂದು ಲಕ್ಷ ವರ್ಷದ ಹಿಂದೆಯೇ ಹೋಗಿದ್ದರು.